ಹೊಸಿಲಿನಾಚೆ ನಾಯಿ, ಒಲೆಮೂಲೆಯಲ್ಲಿ ಬೆಕ್ಕು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ನಾಯಿಯೊಂದು ಕಾಡುಹಂದಿಯ ಮೇಲೆ ಎರಗಿದ ಚಿತ್ರ, ಅದರ ಜೊತೆಗೆ ಹಳಗನ್ನಡದ ಶಾಸನ. ಆತಕೂರು ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಶಾಸನದ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಬೂತುಗನ ಕಡೆಯ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ, ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕೆಲಲೆಯ ಬೆಟ್ಟದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಆ ನಾಯಿಗಾಗಿ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟು, ಭೂಮಿಯನ್ನೂ ಬಿಟ್ಟರು.

ಈ ಕಲ್ಲನ್ನು ನಾವು ಸಾಮಾನ್ಯವಾಗಿ ನಾಯಿಯ ಸ್ವಾಮಿನಿಷ್ಠೆಯ ಸ್ಮಾರಕವೆಂದು ಓದುತ್ತೇವೆ. ಆದರೆ ಅಲ್ಲಿ ಕೆತ್ತಿರುವುದು ನಿಷ್ಠೆಯನ್ನಲ್ಲ, ಹಿಡಿದದ್ದನ್ನು ಸಾಯುವವರೆಗೂ ಬಿಡದ ಗುಣವನ್ನು. ಇಂದು ನಾಯಿ ಸಾಕಿದವರು ತಲೆನೋವೆಂದು ಹೇಳಿಕೊಳ್ಳುವ ಗುಣವೂ ಅದೇ. ಕಣ್ಣೆದುರು ಓಡುವುದನ್ನು ಅಟ್ಟಬೇಕು, ಹಿಡಿಯಬೇಕು, ಕೊಡವಿ ಕೊಲ್ಲಬೇಕು. ಹತ್ತನೆಯ ಶತಮಾನದಲ್ಲಿ ಅದಕ್ಕೆ ಭೂಮಿ ಸಿಕ್ಕಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ನಾಯಿಗಳಿಗೂ ಒಂದು ಭಾಗವನ್ನೇ ಮೀಸಲಿಟ್ಟ. ಈಗ ಅದೇ ಗುಣ ಪಕ್ಕದ ಮನೆಯ ಬೆಕ್ಕನ್ನು ಕೊಂದರೆ ನಾಯಿಗೆ ಸರಪಳಿ ಬೀಳುತ್ತದೆ. ನಾಯಿ ಬದಲಾಗಿಲ್ಲ. ಅದಕ್ಕೆ ನಾವು ಕೊಡುತ್ತಿದ್ದ ಕೆಲಸ ಮತ್ತು ಜಾಗ ಬದಲಾಗಿವೆ.

ಈ ಬದಲಾವಣೆಯನ್ನು ನೋಡಲು ತೀರ್ಥಹಳ್ಳಿ ಸೀಮೆಗಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ. ಮಲೆನಾಡಿನಲ್ಲಿ ಬೇಟೆ ಅರಸರ ವಿನೋದವಷ್ಟೇ ಆಗಿರಲಿಲ್ಲ. ಗದ್ದೆಗೆ ನುಗ್ಗುವ ಹಂದಿಯನ್ನು ತಡೆಯುವ ದಾರಿಯೂ ಅದಾಗಿತ್ತು, ಊರಿಗೆ ಊರೇ ಸೇರುವ ಸಂಭ್ರಮವೂ ಆಗಿತ್ತು. ಕೋವಿಯವರು ತಮ್ಮ ತಮ್ಮ ಜಾಗದಲ್ಲಿ ಹೊಂಚಿ ಕುಳಿತರೆ, ಉಳಿದವರು ನಾಯಿಗಳ ಜೊತೆ ಹಳುವಿಗೆ ನುಗ್ಗಿ ಸೋವುತ್ತಿದ್ದರು. ಹಳುವಿನೊಳಗೆ ಮನುಷ್ಯನಿಗೆ ಕಾಣದ್ದು ನಾಯಿಯ ಮೂಗಿಗೆ ಸಿಗುತ್ತಿತ್ತು. ಕುಪ್ಪಳಿಯ ಕುವೆಂಪು 1933ರ ‘ಮಲೆನಾಡಿನ ಚಿತ್ರಗಳು’ ಪುಸ್ತಕದಲ್ಲಿ ಬೇಟೆಯ ನೆನಪುಗಳನ್ನು ಬರೆದಿದ್ದಾರೆ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಗೆ ‘ನಾಯಿಗುತ್ತಿ’ ಎಂಬ ಹೆಸರೇ ಅಂಟಿದ್ದು ಅವನ ನಾಯಿ ಹುಲಿಯನಿಂದ. ಮಗ ಪೂರ್ಣಚಂದ್ರ ತೇಜಸ್ವಿಯವರ ಬರಹಕ್ಕೆ ಬಂದರೆ ಅಲ್ಲಿ ‘ಕಿವಿ’ ಎಂಬ ನಾಯಿ. ಈ ಬರಹಗಳ ನಾಯಿಗಳು ಅಲಂಕಾರಕ್ಕೆ ಬಂದವಲ್ಲ. ಕಾಡಿಗೂ ಮನೆಗೂ ನಡುವೆ ಓಡಾಡುವ ಪಾತ್ರಗಳು ಅವು.

ಇದೇ ಮನೆಗಳಲ್ಲಿ ಬೆಕ್ಕೂ ಇರುತ್ತಿತ್ತು. ಭತ್ತದ ಪಣತ, ಅಟ್ಟದ ಮೇಲಿನ ಅಡಿಕೆ, ಬುಟ್ಟಿಯಲ್ಲಿಟ್ಟ ಬೀಜ, ಇವೆಲ್ಲ ಇರುವ ಕಡೆ ಇಲಿ ಇಲ್ಲದಿರುವುದು ಸಾಧ್ಯವಿಲ್ಲ. ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಕಾಳಿನ ದಾಸ್ತಾನಿನ ಹಿಂದೆ ಬಂದ ಇಲಿಗಾಗಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕೊಂದರ ಅಸ್ಥಿ ಸಿಕ್ಕಿದೆ. ನಾಯಿಯ ಸಹವಾಸ ಅದಕ್ಕಿಂತ ಸಾವಿರಾರು ವರ್ಷ ಹಳೆಯದು, ಅದು ಬೇಟೆಗಾರರ ಕಾಲದ್ದು. ಹೀಗಾಗಿ ಬೇಟೆಯ ಯುಗದ ಪ್ರಾಣಿಯೂ ಬೇಸಾಯದ ಯುಗದ ಪ್ರಾಣಿಯೂ ಒಂದೇ ಮನೆಯಲ್ಲಿ ಬಾಳಬೇಕಾಯಿತು.

ಹಾಗಾದರೆ ಹಂದಿಯನ್ನು ಹರಿಯುವ ನಾಯಿಗಳಿದ್ದ ಮನೆಯಲ್ಲಿ ಬೆಕ್ಕು ಬದುಕುತ್ತಿದ್ದುದು ಹೇಗೆ? ಉತ್ತರದ ದೊಡ್ಡ ಪಾಲು ಮನೆಯ ರಚನೆಯಲ್ಲೇ ಇದೆ. ಕುಪ್ಪಳಿಯ ಕವಿಮನೆಯನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ನಡುವೆ ಅಂಗಳ, ಸುತ್ತ ಜಗಲಿ, ಮರದ ಕಂಬಗಳು, ಎತ್ತರದ ಹೊಸಿಲು, ಏಣಿಮೆಟ್ಟಿಲು ಹತ್ತಿ ಹೋಗುವ ಉಪ್ಪರಿಗೆ. ಇಂಥ ಮನೆಗಳಲ್ಲಿ ನಾಯಿಯ ಜಾಗ ಹೊರ ಅಂಗಳ, ಕೊಟ್ಟಿಗೆ, ಹೆಚ್ಚೆಂದರೆ ಜಗಲಿಯ ಕೆಳಗೆ. ಒಳಗೆ ಬಂದರೆ ಗದರಿಕೆ. ಬೆಕ್ಕಿನ ಜಾಗ ಒಲೆಮೂಲೆ, ಪಣತದ ಮೇಲ್ಭಾಗ, ಅಟ್ಟ. ಒಂದರ ಲೋಕ ನೆಲದ ಮೇಲೆ ಅಡ್ಡಕ್ಕೆ ಹರಡಿದ್ದರೆ, ಇನ್ನೊಂದರದ್ದು ಮೇಲಕ್ಕೆ ಏರಿತ್ತು. ಹೊಸಿಲು ಮೈಲಿಗೆ-ಮಡಿಯ ಗೆರೆಯಾಗಿ ಹುಟ್ಟಿದ್ದಿರಬಹುದು, ಆದರೆ ಅದು ಎರಡು ಪ್ರಾಣಿಗಳ ಸರಹದ್ದಿನ ಗೆರೆಯಾಗಿಯೂ ಕೆಲಸ ಮಾಡಿತು. ಜೊತೆಗೆ ನಾಯಿಮರಿ ಕಣ್ಣು ಬಿಟ್ಟಾಗಿನಿಂದ ಆ ಮನೆಯ ಬೆಕ್ಕನ್ನು ನೋಡುತ್ತಲೇ ಬೆಳೆಯುತ್ತಿತ್ತು. ಯಾರೂ ಇದನ್ನು ತರಬೇತಿ ಎಂದು ಕರೆಯಲಿಲ್ಲ.

ಟೆರಿಯರ್‌ಗಳ ಕಥೆ ಹುಟ್ಟಿದ್ದು ಬೇರೆ ನೆಲದಲ್ಲಿ. ಹೆಸರಿನ ಮೂಲ ಲ್ಯಾಟಿನ್ನಿನ ‘ಟೆರ್ರಾ’, ಎಂದರೆ ಮಣ್ಣು. ನರಿಯ, ಇಲಿಯ ಬಿಲಕ್ಕೆ ನುಗ್ಗಿ ಮಣ್ಣಿನೊಳಗೇ ಹೋರಾಡಲೆಂದು ಬ್ರಿಟನ್ನಿನಲ್ಲಿ ಬೆಳೆಸಿದ ನಾಯಿ ಇದು. ಬಿಲದೊಳಗೆ ಒಡೆಯನ ಮಾತು ಕೇಳಿಸದು, ನಿರ್ಧಾರ ನಾಯಿಯದೇ. ಆದ್ದರಿಂದ ತಳಿ ಬೆಳೆಸಿದವರು ಅಂಜದ, ಹಿಂದೆ ಸರಿಯದ ಮರಿಗಳನ್ನೇ ಆರಿಸುತ್ತ ಹೋದರು. 1823ರಲ್ಲಿ ಲಂಡನ್ನಿನ ಅಖಾಡವೊಂದರಲ್ಲಿ ಬಿಲ್ಲಿ ಎಂಬ ನಾಯಿ ಐದೂವರೆ ನಿಮಿಷದಲ್ಲಿ 100 ಇಲಿಗಳನ್ನು ಕೊಂದದ್ದು ಪಣದ ಆಟವಾಗಿತ್ತು. ನಮ್ಮ ಹಿರಿಯರಿಗೆ ಈ ವಂಶದ ಪರಿಚಯವಾದದ್ದು ಬಹಳ ಸಾಧುವಾದ ರೂಪದಲ್ಲಿ. ಗ್ರಾಮಫೋನ್ ತಟ್ಟೆಯ ಮೇಲೆ ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತ ನಿಪ್ಪರ್ ಕೂಡ ಟೆರಿಯರ್ ರಕ್ತದ ನಾಯಿ. ಹಾಡು ಕೇಳುವ ಆ ಪುಟ್ಟ ನಾಯಿಯ ಚಿತ್ರ ನೋಡಿದವರಿಗೆ ಅಖಾಡದ ಬಿಲ್ಲಿ ನೆನಪಾಗುವುದಿಲ್ಲ.

ಗುಣ ಹುಟ್ಟಿನಿಂದಲೋ ಪಾಲನೆಯಿಂದಲೋ ಎಂಬ ಪ್ರಶ್ನೆಗೆ ನಮ್ಮ ಗಾದೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದೆ: ನಾಯಿ ಬಾಲ ಡೊಂಕು. ಇಪ್ಪತ್ತನೆಯ ಶತಮಾನದ ಸಂಶೋಧಕರು ಅಷ್ಟು ಬೇಗ ಒಪ್ಪಲಿಲ್ಲ. ಚೀನಾದ ಮನಶ್ಶಾಸ್ತ್ರಜ್ಞ ಝಿಂಗ್ ಯಾಂಗ್ ಕುವೊ 1930ರಲ್ಲಿ ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ. ಇಲಿ ಕೊಲ್ಲುವ ತಾಯಿಯ ಜೊತೆ ಬೆಳೆದ 21 ಮರಿಗಳಲ್ಲಿ 18 ಇಲಿ ಕೊಂದವು. ಒಂಟಿಯಾಗಿ ಬೆಳೆದ 20ರಲ್ಲಿ 9 ಮಾತ್ರ. ಇಲಿಗಳ ಜೊತೆಯಲ್ಲೇ ಬೆಳೆದ 18ರಲ್ಲಿ ಕೇವಲ 3. ಸ್ವಭಾವ ಸುಳ್ಳಲ್ಲ, ಆದರೆ ಅದು ಯಾರ ಮೇಲೆ ತಿರುಗಬೇಕೆಂಬುದನ್ನು ಬಾಲ್ಯ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪುಸ್ತಕ ತಂದರು. ಆ ಐದರಲ್ಲಿ ಫಾಕ್ಸ್ ಟೆರಿಯರ್ ಒಂದು. ಅದರ ಮರಿಗಳು ಒಡಹುಟ್ಟಿದವುಗಳ ಮೇಲೇ ಗುಂಪುಗೂಡಿ ಬೀಳುತ್ತಿದ್ದುದರಿಂದ ಅವನ್ನು ಚಿಕ್ಕ ಗುಂಪುಗಳಾಗಿ ಬೇರ್ಪಡಿಸಬೇಕಾಯಿತು. ಇದು ಹುಟ್ಟಿನ ಪಾಲು. ನಾಯಿಮರಿ ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದು ಹೆಚ್ಚಾಗಿ ಮೂರರಿಂದ ಹನ್ನೆರಡು ವಾರದ ನಡುವೆ ಗಟ್ಟಿಯಾಗುತ್ತದೆ ಎಂದೂ ಅವರು ತೋರಿಸಿದರು. ಇದು ಪಾಲನೆಯ ಪಾಲು. ಒಲೆಮೂಲೆಯ ಬೆಕ್ಕನ್ನು ನೋಡುತ್ತ ಬೆಳೆದ ಮಲೆನಾಡಿನ ಕಂತ್ರಿ ಮರಿಗೆ ಸಿಕ್ಕಿದ್ದ ಪಾಠವೂ ಇದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಅಪರಾಧವಾಗಿಸಿತು. ಆಗಬೇಕಾದದ್ದೇ ಆಯಿತು. ಕಾಡುಕುರಿಯನ್ನಾಗಲಿ ಮೊಲವನ್ನಾಗಲಿ ಅಟ್ಟುವ ನಾಯಿಯನ್ನು ಇಂದು ಯಾರೂ ಹೊಗಳಬೇಕಿಲ್ಲ. ಆದರೆ ಕಾಯಿದೆ ಮನುಷ್ಯನ ಕೋವಿಯನ್ನು ಇಳಿಸಿತೇ ಹೊರತು ನಾಯಿಯ ಮೂಗನ್ನು ಮುಚ್ಚಲಿಲ್ಲ. ಅದೇ ಕಾಲಕ್ಕೆ ಮನೆಗಳೂ ಬದಲಾದವು. ಅಟ್ಟ ಹೋಗಿ ತಾರಸಿ ಬಂತು, ಎತ್ತರದ ಹೊಸಿಲು ಹೋಗಿ ಸಪಾಟು ಟೈಲ್ಸ್ ನೆಲ ಬಂತು. ದುಡ್ಡು ಕೊಟ್ಟು ತಂದ ಜಾತಿ ನಾಯಿ ಸೋಫಾದ ಪಕ್ಕಕ್ಕೆ ಬಂತು. ನಾಯಿಯೂ ಬೆಕ್ಕೂ ಒಂದೇ ನೆಲದಲ್ಲಿ, ಏರಲು ಪಣತವಿಲ್ಲದೆ, ನಡುವೆ ಗೆರೆಯಿಲ್ಲದೆ ಮುಖಾಮುಖಿಯಾದವು. ಈಗ ಹೊಸಿಲು ಮಾಡುತ್ತಿದ್ದ ಕೆಲಸವನ್ನು ಮನುಷ್ಯನೇ ಮಾಡಬೇಕು.

ಮಾಡುವ ಮೊದಲು ಎರಡು ವರ್ತನೆಗಳನ್ನು ಬೇರೆ ಮಾಡಿ ನೋಡಬೇಕು. ಬೇಲಿಯಾಚೆಯ ಬೆಕ್ಕಿಗೆ ನಾಯಿ ಬೊಗಳಿ, ರೋಮ ನಿಗುರಿಸಿ, ಅದು ಹೋದ ಮೇಲೆ ಸುಮ್ಮನಾದರೆ ಅದು ಸರಹದ್ದಿನ ಜಗಳ. ಅಲ್ಲಿ ನಾಯಿಗೆ ಬೇಕಾದದ್ದು ದೂರ. ಬೊಗಳದೆ, ಮೈಯೆಲ್ಲ ಬಿಗಿಹಿಡಿದು, ಕಣ್ಣು ಕೀಳದೆ ನೋಡುತ್ತ ನಿಂತರೆ ಅದು ಬೇಟೆ. ಅಲ್ಲಿ ನಾಯಿಗೆ ಬೇಕಾದದ್ದು ಬೆಕ್ಕೇ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ, ಆದರೆ ಬೆಕ್ಕಿನ ಮಟ್ಟಿಗೆ ಮೌನವೇ ಹೆಚ್ಚು ಅಪಾಯಕರ.

ಉಳಿದದ್ದು ಹಳೆಯ ಮನೆಯ ನಿಯಮಗಳನ್ನೇ ಹೊಸ ಮನೆಗೆ ಹೊಂದಿಸುವ ಕೆಲಸ. ಬೆಕ್ಕಿಗೆ ನಾಯಿ ಹೋಗಲಾರದ ಒಂದು ಕೋಣೆ, ಗೋಡೆಯ ಮೇಲೆ ಎತ್ತರದ ಹಲಗೆಗಳು ಬೇಕು. ಮೊದಲ ವಾರಗಳಲ್ಲಿ ಮುಖ ತೋರಿಸದೆ, ಒಂದು ಮಲಗಿದ ಬಟ್ಟೆಯನ್ನು ಇನ್ನೊಂದಕ್ಕೆ ಮೂಸಲು ಕೊಡುವುದು. ಆಮೇಲೆ ಹಗ್ಗದಲ್ಲಿ ಹಿಡಿದ ನಾಯಿಗೆ ದೂರದಿಂದ ಬೆಕ್ಕನ್ನು ತೋರಿಸಿ, ಅದು ಬೆಕ್ಕಿನಿಂದ ಕಣ್ಣು ತೆಗೆದು ನಮ್ಮ ಕಡೆ ತಿರುಗಿದ ಕ್ಷಣವೇ ಇಷ್ಟದ ತಿಂಡಿ ಕೊಡುವುದು. ಹತ್ತಿರ ತರುವುದು ಅಂಗುಲ ಅಂಗುಲವಾಗಿ. ಹೊಡೆಯುವುದರಿಂದ ಪ್ರಯೋಜನವಿಲ್ಲ, ಬೆಕ್ಕು ಕಂಡರೆ ಏಟು ಬೀಳುತ್ತದೆ ಎಂದು ನಾಯಿ ಕಲಿತರೆ ಅದು ಬೆಕ್ಕನ್ನೇ ಇನ್ನಷ್ಟು ದ್ವೇಷಿಸುತ್ತದೆ. ಬಿಲ ತೋಡಲು ಹುಟ್ಟಿದ ನಾಯಿಗೆ ಹಿತ್ತಿಲಲ್ಲಿ ತೋಡಲು ಮರಳಿನ ಗುಂಡಿ, ಹಿಡಿದೆಳೆಯಲು ಹಗ್ಗ, ಮೂಸಿ ಹುಡುಕಲು ಹುಲ್ಲಿನಲ್ಲಿ ಚೆಲ್ಲಿದ ಊಟ ಸಿಕ್ಕರೆ ಅದರ ಅರ್ಧ ಹಸಿವು ಅಲ್ಲಿ ತೀರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ನಡುವೆ ಮುಚ್ಚಿದ ಬಾಗಿಲು ಇರಲೇಬೇಕು, ಎಷ್ಟೇ ವರ್ಷದ ಸ್ನೇಹವಾಗಿದ್ದರೂ. ಒಳಗಿನ ಬೆಕ್ಕಿನ ಜೊತೆ ಮಲಗುವ ಟೆರಿಯರ್ ಅಂಗಳದಲ್ಲಿ ಓಡುವ ಹೊರಗಿನ ಬೆಕ್ಕನ್ನು ಬಿಡುವುದೆಂಬ ಭರವಸೆ ಇಲ್ಲ. ಕೆಲವು ನಾಯಿಗಳು ಎಂದೂ ಒಗ್ಗುವುದಿಲ್ಲ. ಅಂಥವನ್ನು ಬೆಕ್ಕಿರುವ ಮನೆಗೆ ತಾರದಿರುವುದೇ ಇಬ್ಬರಿಗೂ ಮಾಡುವ ಉಪಕಾರ.

ಆತಕೂರಿನ ಶಾಸನದ ಒಂದು ಮಾತನ್ನು ಇಲ್ಲಿ ನೆನೆಯಬೇಕು. ಕಲ್ಲನ್ನು ನೋಡಿಕೊಳ್ಳಬೇಕಾದ ಗೊರವ ಅದನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಅದು ಹೇಳುತ್ತದೆ. ಸಾವಿರ ವರ್ಷದ ಹಿಂದೆ ಬರೆಸಿದವರ ಉದ್ದೇಶ ದತ್ತಿಯನ್ನು ಕಾಪಾಡುವುದಷ್ಟೇ ಆಗಿತ್ತು. ಆದರೂ ನಾಯಿಯ ಪಾಪವನ್ನು ನಾಯಿಯ ಲೆಕ್ಕದಲ್ಲಿ ಬಿಡದೆ, ಕರ್ತವ್ಯ ತಪ್ಪಿದ ಮನುಷ್ಯನ ಲೆಕ್ಕಕ್ಕೆ ಬರೆದರು.