‘ವಂಧ್ಯಾ’ ಶಬ್ದವಿಚಾರ: ಕಲ್ಯಾಣದ ಧರ್ಮಶಾಸ್ತ್ರವೂ ಗರ್ಭಸ್ಥಿತಿಯ ವೈದ್ಯವೂ

ಬೀದರ ನಗರಕ್ಕೆ ಸೇರಿದ ಚಿದ್ರಿಯಿಂದ ಹೊರಟವರು ಒಂದೇ ದಿನದಲ್ಲಿ ಹೋಗಿಬರಬಹುದಾದಷ್ಟು ದೂರದಲ್ಲಿ ಕಲ್ಯಾಣಪುರವಿರುವುದು. ಈಗ ಬಸವಕಲ್ಯಾಣವೆನಿಸಿರುವ ಈ ಪುರವು ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ರಾಜಧಾನಿಯಾಗಿದ್ದಿತು. ಆ ಕಾಲದಲ್ಲಿ ವಿಜ್ಞಾನೇಶ್ವರಯೋಗಿಯು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ವಾಚಕರಿಗೆ ವಿದಿತವೇ ಆಗಿದೆ. ದಾಯಭಾಗದ ವಿಷಯದಲ್ಲಿ ಭರತಖಂಡದ ಬಹುಭಾಗವು ಶತಮಾನಗಳ ಕಾಲ ಈ ಗ್ರಂಥವನ್ನೇ ಪ್ರಮಾಣವಾಗಿ ಅಂಗೀಕರಿಸಿತು. ಸಂತಾನವಿಲ್ಲದ ಸ್ತ್ರೀಯ ವಿಷಯದಲ್ಲಿ ಆ ಸಂಪ್ರದಾಯವು ಏನು ಹೇಳಿತು, ವೈದ್ಯಶಾಸ್ತ್ರವು ಏನು ಹೇಳಿತು, ಅವೆರಡರಲ್ಲಿ ಯಾವುದು ನಮ್ಮ ಮನೆಗಳಲ್ಲಿ ಇಂದಿಗೂ ಉಳಿದುಬಂದಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ, ಪತ್ನಿಯು ಬದುಕಿರುವಾಗಲೇ ಪತಿಯು ಮತ್ತೊಂದು ವಿವಾಹವಾಗಬಹುದಾದ ನಿಮಿತ್ತಗಳನ್ನು ಎಣಿಸುವಾಗ ವಂಧ್ಯಾತ್ವವನ್ನೂ ಸೇರಿಸಿದ್ದಾನೆ. ಇದಕ್ಕೆ ಅಧಿವೇದನವೆಂದು ಹೆಸರು. ಮನುವು ವಂಧ್ಯೆಗೆ ಎಂಟು ವರ್ಷಗಳ ಅವಧಿಯನ್ನು ಹೇಳುತ್ತಾನೆ. ಆದರೆ ಅಧಿವಿನ್ನೆಯಾದ ಮೊದಲ ಪತ್ನಿಯನ್ನು ಪೋಷಿಸಲೇಬೇಕೆಂದೂ, ಸ್ತ್ರೀಧನವನ್ನು ಪಡೆಯದಿದ್ದವಳಿಗೆ ಎರಡನೆಯ ವಿವಾಹಕ್ಕೆ ವ್ಯಯಮಾಡಿದಷ್ಟೇ ಧನವನ್ನು ಕೊಡಬೇಕೆಂದೂ ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ವರನ ಪುಂಸ್ತ್ವವನ್ನು ಪ್ರಯತ್ನಪೂರ್ವಕವಾಗಿ ಪರೀಕ್ಷಿಸಬೇಕೆಂದು ಅದೇ ಅಧ್ಯಾಯವು ವಿವಾಹಕ್ಕೆ ಮೊದಲೇ ಹೇಳುತ್ತದೆ. ಎಂದರೆ ದೋಷವು ಪುರುಷನಲ್ಲಿಯೂ ಇರಬಹುದೆಂಬುದು ಸ್ಮೃತಿಕಾರನಿಗೆ ಗೊತ್ತಿಲ್ಲದ ವಿಷಯವಲ್ಲ. ವಿವಾಹವಾದ ಮೇಲೆ ಮಾತ್ರ ಆ ಪರೀಕ್ಷೆಯು ಮರೆತುಹೋಗಿ, ಅಪವಾದವೆಲ್ಲವೂ ಸ್ತ್ರೀಯ ಮೇಲೆಯೇ ಬಿದ್ದಿತು.

ವೈದ್ಯಗ್ರಂಥಗಳ ಮಾರ್ಗವು ಇದಕ್ಕಿಂತ ಬೇರೆ. ಸುಶ್ರುತನು ಶಾರೀರಸ್ಥಾನದಲ್ಲಿ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕರ ಸಾಮಗ್ರ್ಯದಿಂದ ಗರ್ಭವು ಉಂಟಾಗುವುದೆಂದು, ಮೊಳಕೆಯ ದೃಷ್ಟಾಂತವನ್ನು ಕೊಟ್ಟು ಹೇಳುತ್ತಾನೆ. ಒಕ್ಕಲುತನವನ್ನು ಬಲ್ಲವನಿಗೆ ಇದು ಸುಲಭವಾಗಿ ತಿಳಿಯುವುದು: ಹದ ತಪ್ಪಿದರೆ, ನೆಲ ಕೆಟ್ಟಿದ್ದರೆ, ನೀರು ಸಾಲದಿದ್ದರೆ, ಬೀಜವು ಜೊಳ್ಳಾಗಿದ್ದರೆ ಪೈರು ಏಳದು, ಎಲ್ಲಕ್ಕೂ ನೆಲವನ್ನೇ ಬೈಯುವ ಒಕ್ಕಲಿಗನಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಇಪ್ಪತ್ತು ಯೋನಿವ್ಯಾಪತ್ತುಗಳನ್ನು ವಿವರಿಸುವ ಅಧ್ಯಾಯದಲ್ಲಿಯೇ ಶುಕ್ರದೋಷಗಳನ್ನೂ ವಿವರಿಸುತ್ತದೆ. ನಿಂತ ಗರ್ಭವು ಮತ್ತೆ ಮತ್ತೆ ನಾಶವಾಗುವ ‘ಪುತ್ರಘ್ನೀ’ ಎಂಬ ವ್ಯಾಪತ್ತನ್ನೂ ಅಲ್ಲಿ ಹೇಳಿದೆ. ಕಾಶ್ಯಪಸಂಹಿತೆಯ ರೇವತೀಕಲ್ಪವಾದರೋ ಇಂತಹ ನಾಶಕ್ಕೆ ಜಾತಹಾರಿಣಿಯೆಂಬ ದೇವತೆಯನ್ನೂ, ಸ್ತ್ರೀಯ ಧರ್ಮಲೋಪವನ್ನೂ ಕಾರಣವಾಗಿ ಹೇಳುತ್ತದೆ. ಆದುದರಿಂದ ನಮ್ಮ ವೈದ್ಯಪರಂಪರೆಯೆಲ್ಲವೂ ಏಕಮುಖವಾದುದೆಂದು ಹೇಳುವುದು ಸತ್ಯವಾಗಲಾರದು.

ಇನ್ನು ಆಧುನಿಕ ಕಾಲದ ವಿಚಾರ. ಶರೀರದ ಹೊರಗೆ ಬೀಜಸಂಯೋಗವಾಗಿ ಹುಟ್ಟಿದ ಮೊದಲ ಶಿಶುವು 1978ನೆಯ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಮತ್ತೊಂದು ಶಿಶುವು ಜನಿಸಿತು. ಅವರಿಗೆ ಜೀವಿತಕಾಲದಲ್ಲಿ ಮನ್ನಣೆಯು ದೊರೆಯಲಿಲ್ಲ. ಈ ವಿಧಾನದಿಂದ ಒಂದು ಹೊಸ ದುಃಖವೂ ಕಣ್ಣಿಗೆ ಕಾಣುವಂತಾಯಿತು. ಭ್ರೂಣವು ಸಿದ್ಧವಾಗಿದೆ, ಗರ್ಭಾಶಯದಲ್ಲಿ ಇರಿಸಲ್ಪಟ್ಟಿದೆ, ಆದರೂ ನೆಲೆನಿಲ್ಲುವುದಿಲ್ಲ. ಹೀಗೆ ಹಲವು ಸಲ ಆಗುತ್ತದೆ. ಪೂರ್ವಕಾಲದಲ್ಲಿ ಯಾರಿಗೂ ತಿಳಿಯದೆ ನಡೆಯುತ್ತಿದ್ದ ನಷ್ಟವನ್ನು ಈಗ ದಂಪತಿಗಳು ದಿನವೆಣಿಸಿ ಅನುಭವಿಸುತ್ತಾರೆ.

ಇದಕ್ಕೆ ಕಾರಣಗಳಲ್ಲಿ ಮುಖ್ಯವಾದುದು ಭ್ರೂಣದಲ್ಲಿಯೇ ಇರುವ ವರ್ಣತಂತುಗಳ ಸಂಖ್ಯಾದೋಷ. ಸ್ತ್ರೀಯ ವಯಸ್ಸು ಮೂವತ್ತೈದನ್ನು ದಾಟಿದಂತೆ ಇದು ಹೆಚ್ಚುತ್ತದೆ. ಇದು ಬೀಜದ ವಿಷಯವು. ಗರ್ಭಾಶಯದೊಳಗಿನ ಗಡ್ಡೆ, ಪೊರೆ, ಅಂಟು, ದೀರ್ಘಕಾಲದ ಉರಿಯೂತ, ನಮ್ಮ ದೇಶದಲ್ಲಿ ವಿಶೇಷವಾಗಿ ನೆನೆಯಬೇಕಾದ ಕ್ಷಯರೋಗ, ನೀರು ತುಂಬಿ ಉಬ್ಬಿದ ಗರ್ಭನಾಳ ಇವು ಕ್ಷೇತ್ರದ ವಿಷಯವು. ಥೈರಾಯ್ಡ್ ಗ್ರಂಥಿಯ ವಿಕಾರ, ರಕ್ತವನ್ನು ಹೆಪ್ಪುಗಟ್ಟಿಸುವ ಕೆಲವು ಪ್ರತಿಕಾಯಗಳು ಮುಂತಾದುವನ್ನೂ ಪರೀಕ್ಷಿಸುತ್ತಾರೆ. ಆದರೆ ಸುಶ್ರುತನು ಇದೆಲ್ಲವನ್ನೂ ಮೊದಲೇ ಅರಿತಿದ್ದನೆಂದು ಹೇಳುವ ಉತ್ಸಾಹವು ನಮಗಿಲ್ಲ. ಶಾಸ್ತ್ರದ ಋತುವು ಗರ್ಭಾಧಾನದ ಕಾಲ. ಭ್ರೂಣವು ಅಂಟಿಕೊಳ್ಳುವುದು ಅಂಡವು ಬಿಡುಗಡೆಯಾದ ಸುಮಾರು ಆರರಿಂದ ಹತ್ತು ದಿನಗಳ ಅನಂತರ. ಇವೆರಡೂ ಒಂದಲ್ಲ. ದೃಷ್ಟಾಂತವು ಸಮಾನವಾಗಬಹುದು, ಜ್ಞಾನವು ಸಮಾನವಲ್ಲ.

ಚಿಕಿತ್ಸೆಯಲ್ಲಿಯೂ ವಿವೇಕವು ಅವಶ್ಯಕ. ನೀರು ತುಂಬಿದ ಗರ್ಭನಾಳವನ್ನು ಮೊದಲೇ ತೆಗೆದುಹಾಕುವುದರಿಂದ ಪ್ರಯೋಜನವುಂಟೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಗರ್ಭಾಶಯದ ಒಳಪದರವನ್ನು ಕೆರೆಯುವ ಕ್ರಮವು ಬಹುವಾಗಿ ಹಬ್ಬಿದ್ದರೂ, 2019ರಲ್ಲಿ ಪ್ರಕಟವಾದ, 1,364 ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯಲ್ಲಿ ಅದರಿಂದ ಲಾಭವು ಕಾಣಲಿಲ್ಲ. ಉರಿಯೂತವನ್ನು ತಗ್ಗಿಸುವ ಪ್ರೆಡ್ನಿಸೋನ್ ಔಷಧದ ವಿಷಯದಲ್ಲಿಯೂ 2023ರಲ್ಲಿ ಅಂತಹುದೇ ಫಲಿತಾಂಶವು ಹೊರಬಂದಿತು. ಅದೇ ವರ್ಷ ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘವು, ಇಷ್ಟು ಸಲ ವಿಫಲವಾದರೆ ರೋಗವೆಂದು ಎಲ್ಲರಿಗೂ ಒಂದೇ ಎಣಿಕೆಯನ್ನು ಹೇಳದೆ, ಆಯಾ ದಂಪತಿಗಳ ನಿರೀಕ್ಷಿತ ಸಂಭವವನ್ನು ಗಣಿಸಿ ಹೆಚ್ಚಿನ ಪರೀಕ್ಷೆಯನ್ನು ನಿಶ್ಚಯಿಸಬೇಕೆಂದು ಸೂಚಿಸಿತು. ಪ್ರಯೋಜನವು ಸಿದ್ಧವಾಗದ ಚಿಕಿತ್ಸೆಗಳಿಗಾಗಿ ಹೊಲಮನೆಗಳನ್ನು ಮಾರುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಅಧಿವೇದನವು 1955ರ ಹಿಂದೂ ವಿವಾಹ ಕಾಯಿದೆಯಿಂದ ನಿಷಿದ್ಧವಾಯಿತು. ಸಂತಾನಹೀನತೆಯು ವಿವಾಹವಿಚ್ಛೇದನಕ್ಕೆ ಆ ಕಾಯಿದೆಯಲ್ಲಿ ಹೇಳಿದ ಕಾರಣವೂ ಅಲ್ಲ. ಭ್ರೂಣಚಿಕಿತ್ಸೆಯ ಆಸ್ಪತ್ರೆಗಳನ್ನು 2021ರ ಕಾಯಿದೆಯು ನಿಯಮಕ್ಕೆ ಒಳಪಡಿಸಿದೆ. ಆದರೆ ಕಲ್ಯಾಣದ ಅರಮನೆಯು ಅಳಿದುಹೋದರೂ ‘ಬಂಜೆ’ ಎಂಬ ಮಾತು ಅಳಿಯಲಿಲ್ಲ. ಬೀಜವೇ ದುರ್ಬಲವಾಗಿದ್ದು ಭ್ರೂಣವು ನಿಲ್ಲದಿದ್ದಾಗಲೂ ಸೊಸೆಯನ್ನೇ ಹಳಿಯುವವರುಂಟು. ದತ್ತಕಪುತ್ರನನ್ನು ಪುತ್ರರಲ್ಲಿ ಎಣಿಸಿದ ಸ್ಮೃತಿಯನ್ನು ಪ್ರಮಾಣವೆನ್ನುವ ನಾವು, ದತ್ತುಸ್ವೀಕಾರವನ್ನು ಕೊರತೆಯೆಂದು ತಿಳಿಯಲಾಗದು. ಸ್ಮೃತಿಯ ಒಂದು ಪದವನ್ನು ಹಿಡಿದು ವೈದ್ಯದ ನಾಲ್ಕು ಕಾರಣಗಳನ್ನು ಮರೆತುದೇ ನಮ್ಮಿಂದ ಆದ ಪ್ರಮಾದವೆಂದು ನಮ್ಮ ಅಭಿಪ್ರಾಯ. ಆ ಪದವನ್ನು ಕೋಶದಲ್ಲಿಯೇ ಬಿಟ್ಟು, ಪತಿಪತ್ನಿಯರಿಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗುವುದು ಶಾಸ್ತ್ರಕ್ಕೂ ಯುಕ್ತಿಗೂ ಸಮ್ಮತವಾದುದು. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕಾಗಿ ಪ್ರಾರ್ಥನೆ.