ಸರೌಂಡ್ ಸ್ಪೀಕರ್: ಗೋಡೆಗೆ ರಂಧ್ರ ಕೊರೆಯುವ ಮುನ್ನ

ಹೋಮ್ ಥಿಯೇಟರ್ ಕೊಳ್ಳುವವರು ಪರದೆಯ ಗಾತ್ರ, ಆಂಪ್ಲಿಫೈಯರ್‌ನ ವ್ಯಾಟ್, ಬೆಲೆಯ ರಿಯಾಯಿತಿ ಇವುಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಆದರೆ ಪೆಟ್ಟಿಗೆ ಮನೆಗೆ ಬಂದ ದಿನ, ಹಿಂಬದಿಯ ಎರಡು ಸ್ಪೀಕರ್‌ಗಳನ್ನು ಎಲ್ಲಿ ತೂಗುಹಾಕಬೇಕೆಂಬ ತೀರ್ಮಾನ ಐದೇ ನಿಮಿಷದಲ್ಲಿ ಆಗಿಬಿಡುತ್ತದೆ. ಡ್ರಿಲ್ಲಿಂಗ್ ಮಷಿನ್‌ನ ವೈರ್ ಎಲ್ಲಿಯವರೆಗೆ ಎಟಕುವುದೋ ಅಲ್ಲಿ! ಬಹುತೇಕ ಮನೆಗಳಲ್ಲಿ ಅದು ಛಾವಣಿಗೆ ತಾಗಿದ ಮೂಲೆ. ಅಲ್ಲಿ ಕುಳಿತ ಸ್ಪೀಕರ್ ಸದ್ದು ಮಾಡುತ್ತದೆಯೇ ಹೊರತು ಪ್ರೇಕ್ಷಕನನ್ನು ಸುತ್ತುವರಿಯುವುದಿಲ್ಲ. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಸೋಫಾದಲ್ಲಿ ಕುಳಿತವರ ತಲೆಯ ಮೇಲೆ ನಾಲ್ಕೈದು ಕೆ.ಜಿ. ಭಾರವೊಂದು ಎರಡು ಸ್ಕ್ರೂಗಳ ಆಧಾರದಲ್ಲಿ ನೇತಾಡುತ್ತಿರುತ್ತದೆ.

ಚಿತ್ರಮಂದಿರಗಳಿಗೆ ಡಾಲ್ಬಿ ಡಿಜಿಟಲ್ ಧ್ವನಿ ಬಂದದ್ದು 1992ರಲ್ಲಿ, 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ. ಮರುವರ್ಷ 'ಜುರಾಸಿಕ್ ಪಾರ್ಕ್' ಡಿಟಿಎಸ್ ಅನ್ನು ಪರಿಚಯಿಸಿತು. ನಂತರ ಡಿವಿಡಿಯ ಮೂಲಕ ಇದೇ 5.1 ವ್ಯವಸ್ಥೆ ಮನೆಯ ಹಾಲ್‌ಗೆ ಇಳಿಯಿತು. ಎದುರಿಗೆ ಮೂರು, ಹಿಂಬದಿಗೆ ಎರಡು, ಜೊತೆಗೊಂದು ಸಬ್‌ವೂಫರ್ ಎಂಬ ಲೆಕ್ಕ ಅಂದಿನಿಂದ ಬದಲಾಗಿಲ್ಲ. ಮಾತು ಬಹುಪಾಲು ಎದುರಿನ ನಡುವಣ ಸ್ಪೀಕರ್‌ನಿಂದ ಬರುತ್ತದೆ. ಮಳೆ, ಜನಜಂಗುಳಿ, ತಲೆಯ ಹಿಂದಿನಿಂದ ಹಾದುಹೋಗುವ ವಾಹನ ಮುಂತಾದವು ಸರೌಂಡ್ ಸ್ಪೀಕರ್‌ಗಳ ಪಾಲು.

'ಹಿಂಬದಿ' ಎಂಬ ಮಾತೇ ಅರ್ಧ ತಪ್ಪಿಗೆ ಕಾರಣ. 5.1 ವ್ಯವಸ್ಥೆಯಲ್ಲಿ ಇವು ಪ್ರೇಕ್ಷಕನ ಬೆನ್ನ ಹಿಂದೆ ಇರತಕ್ಕವಲ್ಲ, ಪಕ್ಕದಲ್ಲಿ, ತುಸು ಹಿಂದಕ್ಕೆ ಇರತಕ್ಕವು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಪರದೆಯ ಮಧ್ಯಭಾಗವನ್ನು ಸೊನ್ನೆ ಎಂದಿಟ್ಟುಕೊಂಡರೆ ಸರೌಂಡ್ ಸ್ಪೀಕರ್‌ಗಳ ಸ್ಥಾನ ಎರಡೂ ಬದಿಗೆ 100ರಿಂದ 120 ಡಿಗ್ರಿ. ಕೋನಮಾಪಕವಿಲ್ಲದೆಯೂ ಇದನ್ನು ಗುರುತಿಸಬಹುದು. ಹಾಲ್ 12 ಅಡಿ ಅಗಲವಿದ್ದು ಪ್ರೇಕ್ಷಕ ನಟ್ಟನಡುವೆ ಕುಳಿತರೆ ಪಕ್ಕದ ಗೋಡೆ 6 ಅಡಿ ದೂರದಲ್ಲಿರುತ್ತದೆ. ಕಿವಿಯ ನೇರಕ್ಕೆ ಗೋಡೆಯ ಮೇಲೆ ಒಂದು ಗುರುತು ಹಾಕಿ, ಅಲ್ಲಿಂದ 1 ಅಡಿ ಹಿಂದಕ್ಕೆ ಸರಿದರೆ 100 ಡಿಗ್ರಿ, 2 ಅಡಿ 2 ಇಂಚು ಸರಿದರೆ 110 ಡಿಗ್ರಿ, ಸುಮಾರು ಮೂರೂವರೆ ಅಡಿ ಸರಿದರೆ 120 ಡಿಗ್ರಿ ಆಗುತ್ತದೆ. 7.1 ವ್ಯವಸ್ಥೆಯಲ್ಲಿ ಮಾತ್ರ ನಿಜವಾದ ಹಿಂಬದಿಯ ಜೋಡಿ ಬೇರೆಯಾಗಿ ಇರುತ್ತದೆ. ಅದರ ಸ್ಥಾನ 135ರಿಂದ 150 ಡಿಗ್ರಿ.

ಪುಸ್ತಕದ ಲೆಕ್ಕಕ್ಕೆ ನಮ್ಮ ನಗರಗಳ ಅಪಾರ್ಟ್‌ಮೆಂಟ್‌ಗಳು ಸುಲಭವಾಗಿ ಒಗ್ಗುವುದಿಲ್ಲ. ಇಲ್ಲಿನ ಹಾಲ್‌ಗಳಲ್ಲಿ ಸೋಫಾ ಹಿಂದಿನ ಗೋಡೆಗೆ ಒರಗಿರುತ್ತದೆ, ಒಂದು ಬದಿ ಊಟದ ಕೋಣೆಗೆ ತೆರೆದುಕೊಂಡಿರುತ್ತದೆ. ಸೋಫಾದ ಹಿಂದೆ ಜಾಗವೇ ಇಲ್ಲದಿದ್ದಲ್ಲಿ ಸ್ಪೀಕರ್‌ಗಳನ್ನು ಪಕ್ಕದ ಗೋಡೆಗಳಲ್ಲೇ, 90 ಡಿಗ್ರಿಯ ಆಸುಪಾಸಿನಲ್ಲಿ ಕೂರಿಸುವುದು ಬೆನ್ನ ಹಿಂದಿನ ಗೋಡೆಗೆ ನೇತುಹಾಕುವುದಕ್ಕಿಂತ ಮೇಲು. ಸೋಫಾವನ್ನು ಒಂದು ಅಡಿಯಷ್ಟು ಮುಂದಕ್ಕೆ ಎಳೆದುಕೊಳ್ಳಲು ಸಾಧ್ಯವಾದರೆ ಬೇರಾವ ಖರ್ಚೂ ಇಲ್ಲದೆ ಧ್ವನಿ ಸುಧಾರಿಸುತ್ತದೆ. ಒಂದು ಬದಿ ಗೋಡೆಯೇ ಇಲ್ಲದ ಹಾಲ್‌ನಲ್ಲಿ ಆ ಬದಿಗೆ ಸ್ಟ್ಯಾಂಡ್ ಬಳಸಿ, ಇನ್ನೊಂದನ್ನು ಗೋಡೆಯಲ್ಲಿ ಅದೇ ಎತ್ತರಕ್ಕೆ ಕೂರಿಸಬೇಕಾಗುತ್ತದೆ.

ಎತ್ತರದ ವಿಷಯದಲ್ಲಿ ಎರಡು ಸಲಹೆಗಳು ಚಲಾವಣೆಯಲ್ಲಿದ್ದು, ಎರಡೂ ಸರಿಯಾಗಿರುವುದೇ ಗೊಂದಲಕ್ಕೆ ಮೂಲ. ಸೋಫಾದಲ್ಲಿ ಕುಳಿತವರ ಕಿವಿ ನೆಲದಿಂದ ಸುಮಾರು 3ರಿಂದ 3.5 ಅಡಿ ಎತ್ತರದಲ್ಲಿರುತ್ತದೆ. 5.1 ವ್ಯವಸ್ಥೆಗೆ ಹಳೆಯ ಸಲಹೆಯೆಂದರೆ ಸ್ಪೀಕರ್ ಕಿವಿಗಿಂತ 2 ಅಡಿ ಮೇಲಿರಬೇಕು, ಅಂದರೆ ನೆಲದಿಂದ ಐದೂವರೆ ಅಡಿಯ ಆಸುಪಾಸು. ಹೀಗೆ ಮಾಡಿದರೆ ಪಕ್ಕದಲ್ಲಿ ಕುಳಿತವರ ತಲೆ ಧ್ವನಿಗೆ ಅಡ್ಡ ಬರುವುದಿಲ್ಲ, ಸ್ಪೀಕರ್ ಎಲ್ಲಿದೆ ಎಂಬುದೂ ಗಮನಕ್ಕೆ ಬಾರದು. ಆದರೆ 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ತಂತ್ರಜ್ಞಾನದಲ್ಲಿ ಛಾವಣಿಯಿಂದ ಬರುವ ಧ್ವನಿಯೇ ಬೇರೆ. ಪಕ್ಕದ ಸ್ಪೀಕರ್‌ಗಳನ್ನೂ ಮೇಲಕ್ಕೆ ಏರಿಸಿಬಿಟ್ಟರೆ ಮೇಲಿನ ಧ್ವನಿಗೂ ಪಕ್ಕದ ಧ್ವನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಅಟ್ಮಾಸ್ ಅಳವಡಿಸುವ ಉದ್ದೇಶವಿರುವವರು ಪಕ್ಕದ ಸ್ಪೀಕರ್‌ಗಳನ್ನು ಕಿವಿಯ ಮಟ್ಟಕ್ಕೆ ಹತ್ತಿರದಲ್ಲೇ ಇಡಬೇಕು. ಮುಂದೆ ಏನು ಕೊಳ್ಳುವುದೆಂದು ರಂಧ್ರ ಕೊರೆಯುವ ಮೊದಲೇ ನಿರ್ಧರಿಸುವುದು ಒಳಿತು.

ಗೋಡೆ ಯಾವುದು?

ಸ್ಪೀಕರ್ ಬೀಳುವುದು ಸಾಮಾನ್ಯವಾಗಿ ಬ್ರಾಕೆಟ್ ಮುರಿದು ಅಲ್ಲ, ಗೋಡೆ ಸ್ಕ್ರೂವನ್ನು ಬಿಟ್ಟುಕೊಡುವುದರಿಂದ. ಹಳೆಯ ಬಡಾವಣೆಗಳ ಸುಟ್ಟ ಇಟ್ಟಿಗೆಯ ಗೋಡೆ ಮತ್ತು ಸಾಲಿಡ್ ಕಾಂಕ್ರೀಟ್ ಬ್ಲಾಕ್‌ಗಳ ಗೋಡೆಯಲ್ಲಿ ಸಾಮಾನ್ಯ ನೈಲಾನ್ ಪ್ಲಗ್ ಗಟ್ಟಿಯಾಗಿ ಕೂರುತ್ತದೆ. ಆದರೆ ಪ್ಲಗ್ ಇಟ್ಟಿಗೆಯೊಳಕ್ಕೆ ಹೋಗಿರಬೇಕು. ಬರಿಯ ಗಿಲಾವಿನಲ್ಲಿ ಅಥವಾ ಎರಡು ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಸಿಕ್ಕಿಕೊಂಡ ಪ್ಲಗ್‌ಗೆ ಭಾರ ಹೊರುವ ಶಕ್ತಿ ಇರುವುದಿಲ್ಲ. ಹೊಸ ಅಪಾರ್ಟ್‌ಮೆಂಟ್‌ಗಳ ಹಗುರ ಎಎಸಿ ಬ್ಲಾಕ್‌ಗಳದು ಇನ್ನೊಂದು ಕಥೆ. ಅವುಗಳ ಒಳಗೆ ಗಾಳಿಯ ಸಣ್ಣ ಗುಳ್ಳೆಗಳೇ ತುಂಬಿರುವುದರಿಂದ ಡ್ರಿಲ್ಲಿಂಗ್ ಮಷಿನ್‌ನ ಹ್ಯಾಮರ್ ಗುಂಡಿ ಒತ್ತಿದರೆ ರಂಧ್ರ ದೊಡ್ಡದಾಗಿ ಪುಡಿ ಉದುರುತ್ತದೆ. ಹ್ಯಾಮರ್ ಇಲ್ಲದೆ ಕೊರೆದು, ಎಎಸಿಗೆಂದೇ ಮಾಡಿದ ಉದ್ದನೆಯ ಪ್ಲಗ್ ಬಳಸುವುದು ಅಗತ್ಯ. ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್‌ಗೆ ಸ್ಪೀಕರ್‌ನ ಭಾರ ಹೊರಿಸಲೇಬಾರದು. ಮೇಲಿನ ಕಾಂಕ್ರೀಟ್ ಛಾವಣಿಯಿಂದ ಸರಳು ಇಳಿಸಿ ಅದಕ್ಕೆ ತೂಗಬೇಕು.

ಭಾರದ ಲೆಕ್ಕ ತಿಳಿದಿರಲಿ. 5 ಕೆ.ಜಿ.ಯ ಸ್ಪೀಕರ್‌ನ ಭಾರಕೇಂದ್ರ ಗೋಡೆಯಿಂದ 20 ಸೆಂ.ಮೀ. ಮುಂದಿದ್ದು, ಬ್ರಾಕೆಟ್‌ನ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 10 ಸೆಂ.ಮೀ. ಅಂತರವಿದ್ದರೆ ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಸುಮಾರು 10 ಕೆ.ಜಿ. ಆಗುತ್ತದೆ. ಸ್ಕ್ರೂಗಳ ಅಂತರ 5 ಸೆಂ.ಮೀ. ಮಾತ್ರವಿದ್ದರೆ ಅದೇ ಸ್ಪೀಕರ್ 20 ಕೆ.ಜಿ. ಬಲದಿಂದ ಎಳೆಯುತ್ತದೆ. ಅಂಗಡಿಯಲ್ಲಿ ಪುಕ್ಕಟೆ ಕೊಡುವ ಪುಟ್ಟ ಬ್ರಾಕೆಟ್‌ಗಳು ಒಂದು ಕೆ.ಜಿ.ಯೊಳಗಿನ ಪುಟಾಣಿ ಸ್ಪೀಕರ್‌ಗಳಿಗೆ ಮಾತ್ರ ಸರಿ. ದೊಡ್ಡ ಸ್ಪೀಕರ್ ಇದ್ದಲ್ಲಿ, ಬ್ರಾಕೆಟ್ ಜೊತೆಗೆ ತೆಳುವಾದ ಉಕ್ಕಿನ ತಂತಿಯೊಂದನ್ನು ಬೇರೆ ರಂಧ್ರದ ಕೊಕ್ಕೆಗೆ ಕಟ್ಟಿದರೆ ಬ್ರಾಕೆಟ್ ಕಳಚಿದರೂ ಸ್ಪೀಕರ್ ಕೆಳಕ್ಕೆ ಬೀಳುವುದಿಲ್ಲ. ಕೆಳಗೆ ಮಕ್ಕಳು ಆಡುವ ಅಥವಾ ವೃದ್ಧರು ಮಲಗುವ ಜಾಗವಿದ್ದರೆ ಈ ತಂತಿಯನ್ನು ಉಳಿತಾಯದ ಬಾಬ್ತಿಗೆ ಸೇರಿಸಬಾರದು.

ಕೊರೆಯುವ ಮುನ್ನ ಸ್ವಿಚ್ ಬೋರ್ಡ್ ಎಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ಗೋಡೆಯೊಳಗಿನ ವಿದ್ಯುತ್ ಪೈಪ್‌ಗಳು ಸಾಮಾನ್ಯವಾಗಿ ಬೋರ್ಡ್‌ನ ನೇರ ಮೇಲಕ್ಕೆ ಸಾಗುತ್ತವೆ. ಆ ಸಾಲನ್ನು ಬಿಟ್ಟು ಕನಿಷ್ಠ ಅರ್ಧ ಅಡಿ ಪಕ್ಕಕ್ಕೆ ಸರಿಯುವುದು ಕ್ಷೇಮ. ಗೋಡೆಯ ಆಚೆ ಬದಿ ಸ್ನಾನಗೃಹವಿದ್ದರೆ ನೀರಿನ ಪೈಪ್‌ನ ಭಯವೂ ಇದೆ. ಸಂಶಯವಿದ್ದಾಗ ಮೇನ್ ಸ್ವಿಚ್ ಆರಿಸಿ, ಬ್ಯಾಟರಿ ಚಾಲಿತ ಡ್ರಿಲ್ ಬಳಸುವುದು ಜಾಣತನ.

ಎಷ್ಟು ದಪ್ಪದ ವೈರ್?

ಈ ವಿಷಯದಲ್ಲಿ ಮಾರಾಟಗಾರರ ಮಾತಿಗಿಂತ ಸರಳ ಗಣಿತ ಹೆಚ್ಚು ನಂಬಿಕಸ್ತ. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ 10 ಮೀಟರ್ ದೂರವಿದ್ದರೆ ಹೋಗಿ ಬರುವ ತಾಮ್ರದ ಉದ್ದ 20 ಮೀಟರ್. 1.5 ಚದರ ಮಿ.ಮೀ. ವೈರ್‌ನಲ್ಲಿ ಇದರ ರೋಧ ಸುಮಾರು 0.23 ಓಮ್. 8 ಓಮ್‌ನ ಸ್ಪೀಕರ್‌ಗೆ ಅದು ಶೇ 3ರಷ್ಟಾಯಿತು. ವೈರ್‌ನ ರೋಧ ಶೇ 5ರ ಒಳಗಿದ್ದರೆ ಸಾಕೆಂಬುದು ರೂಢಿಯ ಲೆಕ್ಕ. ಅಂದಮೇಲೆ ಮೀಟರ್‌ಗೆ ಸಾವಿರಾರು ರೂಪಾಯಿ ತೆತ್ತು ವೈರ್ ಕೊಳ್ಳುವ ಅಗತ್ಯ ಕಾಣುವುದಿಲ್ಲ. ಶುದ್ಧ ತಾಮ್ರವೆಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ತಾಮ್ರದ ಲೇಪನವಿರುವ ಅಲ್ಯುಮಿನಿಯಂ ವೈರ್‌ಗಳೂ ಅದೇ ಬಣ್ಣದಲ್ಲಿ ಮಾರುಕಟ್ಟೆಯಲ್ಲಿವೆ. ಸ್ಪೀಕರ್ ವೈರನ್ನು ಮನೆಯ ವಿದ್ಯುತ್ ತಂತಿಗಳಿರುವ ಪೈಪ್‌ನೊಳಗೆ ತೂರಿಸಬಾರದು. ಮನೆ ಕಟ್ಟಿಸುತ್ತಿರುವವರು ಗಿಲಾವಿಗೆ ಮುನ್ನವೇ ಪ್ರತ್ಯೇಕ ಖಾಲಿ ಪಿವಿಸಿ ಪೈಪ್ ಹುದುಗಿಸಿ, ಒಳಗೊಂದು ಎಳೆತಂತಿ ಬಿಟ್ಟರೆ ಮುಂದಿನ ಕೆಲಸ ಅರ್ಧ ಗಂಟೆಯದು. 'ವೈರ್‌ಲೆಸ್' ಸರೌಂಡ್ ಸ್ಪೀಕರ್‌ಗಳಿಗೂ ಸಾಮಾನ್ಯವಾಗಿ ಹತ್ತಿರದಲ್ಲೇ ಪ್ಲಗ್ ಪಾಯಿಂಟ್ ಬೇಕಾಗುತ್ತದೆ ಎಂಬುದು ಗಮನಾರ್ಹ.

ಜೋಡಣೆಯ ವೇಳೆ ಆಂಪ್ಲಿಫೈಯರ್ ಆರಿರಬೇಕು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಬೇಕು. ಒಂದು ಸ್ಪೀಕರ್ ಅದಲುಬದಲಾದರೆ ಧ್ವನಿ ಟೊಳ್ಳಾಗಿ ಕೇಳಿಸುತ್ತದೆ. ಬಳಿಕ ಪ್ರತಿ ಸ್ಪೀಕರ್‌ನ ದೂರವನ್ನು ಟೇಪ್ ಹಿಡಿದು ಅಳೆದು ರಿಸೀವರ್‌ನಲ್ಲಿ ದಾಖಲಿಸಬೇಕು. ಧ್ವನಿ ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ತೆಗೆದುಕೊಳ್ಳುವುದರಿಂದ, ಹತ್ತಿರದ ಸ್ಪೀಕರ್‌ನ ಧ್ವನಿಯನ್ನು ರಿಸೀವರ್ ಅಷ್ಟರಮಟ್ಟಿಗೆ ತಡೆದು ಕಳುಹಿಸುತ್ತದೆ. ಸಣ್ಣ ಸ್ಪೀಕರ್‌ಗಳಿಗೆ 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಹೋಗದಂತೆ ಹೊಂದಿಸಿದರೆ ಗೋಡೆಯ ಕಂಪನವೂ ಕಡಿಮೆಯಾಗುತ್ತದೆ.

ಆ ಗೋಡೆಯ ಆಚೆ ನೆರೆಯವರ ಮಲಗುವ ಕೋಣೆ ಇರುವುದು ನಗರಗಳಲ್ಲಿ ಸಾಮಾನ್ಯ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಖಾಸಗಿ ಧ್ವನಿವ್ಯವಸ್ಥೆಯ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಹಂಚಿಕೆಯ ಗೋಡೆಯನ್ನು ಬಿಟ್ಟು ಸ್ಟ್ಯಾಂಡ್ ಆರಿಸಿಕೊಳ್ಳಲು ಇದೂ ಒಂದು ಕಾರಣ.

ಬಾಡಿಗೆದಾರರಿಗಂತೂ ಸ್ಟ್ಯಾಂಡ್‌ಗಿಂತ ಉತ್ತಮ ದಾರಿಯಿಲ್ಲ. ಗೋಡೆಯ ರಂಧ್ರಗಳ ಲೆಕ್ಕ ಮನೆ ಖಾಲಿ ಮಾಡುವ ದಿನ ಅಡ್ವಾನ್ಸ್ ಹಣದಲ್ಲಿ ಮುರಿದುಕೊಳ್ಳುವ ಪರಿಪಾಠ ಬೆಂಗಳೂರಿನಲ್ಲಿ ಹಳೆಯದು. ಕೊರೆಯಲೇಬೇಕಾದಲ್ಲಿ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಗೋಡೆಯ ಬಣ್ಣದ ಸಂಖ್ಯೆಯನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಹೊರಡುವಾಗ ಪ್ಲಗ್ ಕಿತ್ತು ಪುಟ್ಟಿ ತುಂಬಿ ಅದೇ ಬಣ್ಣ ಬಳಿಯಲು ಅದು ಬೇಕಾಗುತ್ತದೆ.