ಗಡಿ ದಾಟುತ್ತಿದ್ದ ಮೆಟಾಡೋರ್

ನಮ್ಮ ಮಡಕಶಿರಾ ತಾಲೂಕಿನ ಹಳ್ಳಿಗಳಲ್ಲಿ ಮೂತಿ ಚಪ್ಪಟೆಯಾದ ಯಾವ ವ್ಯಾನು ಬಂದರೂ ಹಳಬರ ಬಾಯಲ್ಲಿ ಅದು 'ಮೆಟಾಡೋರ್'. ಯಾವ ಕಂಪೆನಿಯದು ಎಂದು ಯಾರೂ ಕೇಳುವುದಿಲ್ಲ. ಸಾಮಾನು ಹೊರುವ ಸಣ್ಣ ಗಾಡಿಗಳೆಲ್ಲ 'ಟೆಂಪೊ' ಆದ ಹಾಗೆಯೇ ಇದೂ. ಈ ಎರಡು ಹೆಸರೂ ಒಂದೇ ಮನೆಯಿಂದ ಬಂದವು, ಅದೂ ಸಮುದ್ರದಾಚೆಯ ಮನೆಯಿಂದ ಎಂಬುದು ಬಹಳ ಮಂದಿಗೆ ತಿಳಿದಿರಲಿಕ್ಕಿಲ್ಲ.

ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಡಾಲ್ ಎಂಬ ಮನೆತನದ ಕಂಪೆನಿಯೊಂದು 'ಟೆಂಪೊ' ಹೆಸರಿನಲ್ಲಿ ಸಣ್ಣ ವಾಹನಗಳನ್ನು ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಅದು ಮೆಟಾಡೋರ್ ಎಂಬ ವ್ಯಾನನ್ನು ಹೊರತಂದಿತು. ಅದಕ್ಕೆ ಕೂಡಿಸಿದ್ದು ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್. ಮರುವರ್ಷ, 1950ರ ಮಾರ್ಚಿಯಲ್ಲಿ, ಫೋಕ್ಸ್‌ವ್ಯಾಗನ್ ಕಂಪೆನಿಯೇ ತನ್ನ ಸ್ವಂತ ವ್ಯಾನನ್ನು ತಯಾರಿಸತೊಡಗಿತು. ಸ್ವಲ್ಪ ಕಾಲಕ್ಕೆ ಟೆಂಪೊದವರಿಗೆ ಎಂಜಿನ್ ಕೊಡುವುದನ್ನೂ ನಿಲ್ಲಿಸಿತು. ದಾಯಾದಿಗಳ ಮನೆಯಲ್ಲಿ ನಡೆಯುವಂಥದೇ ಕಥೆ. ಒಂದು ಗಾಡಿ ಲೋಕಪ್ರಸಿದ್ಧವಾಯಿತು, ಇನ್ನೊಂದು ನಮ್ಮೂರಿಗೆ ಬಂತು.

ಬಂದ ದಾರಿ ಹೀಗೆ. 1958ರಲ್ಲಿ ಎನ್.ಕೆ. ಫಿರೋದಿಯಾ ಅವರ ಮುಂದಾಳುತನದಲ್ಲಿ ಬಜಾಜ್ ಟೆಂಪೊ ಕಂಪೆನಿ ಆರಂಭವಾಗಿ, ವಿಡಾಲ್ ಕಂಪೆನಿಯ ಒಪ್ಪಂದದ ಮೇಲೆ ಮೊದಲು ಮೂರು ಗಾಲಿಯ ಟೆಂಪೊ ಮಾಡಿತು. ಪುಣೆಯ ಆಕುರ್ಡಿಯ ಕಾರ್ಖಾನೆಯಿಂದ ಮೆಟಾಡೋರ್ ಹೊರಬಂದದ್ದು 1960ರ ದಶಕದ ಕೊನೆಗೆ. ಜರ್ಮನಿಯಲ್ಲಿ ಆ ವಂಶದ ವ್ಯಾನುಗಳ ತಯಾರಿಕೆ 1977ಕ್ಕೆ ನಿಂತುಹೋದರೂ ನಮ್ಮಲ್ಲಿ ಶತಮಾನದ ಕೊನೆಯವರೆಗೆ ನಡೆಯಿತು. ಮುಂದಿನ ಗಾಲಿಗಳೇ ಎಳೆಯುವ ಗಾಡಿಯಾದ್ದರಿಂದ ಹಿಂದಿನ ನೆಲ ತಗ್ಗು. ಮುದುಕಿಯರು ಹತ್ತಲು, ಮೂಟೆ ಎತ್ತಿಡಲು ಅನುಕೂಲ. 2005ರಲ್ಲಿ ಕಂಪೆನಿ ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಿಸಿಕೊಂಡಿತು. ಕಂಪೆನಿ ತನ್ನ ಹೆಸರಿನಿಂದ ಟೆಂಪೊವನ್ನು ಬಿಟ್ಟರೂ ಜನ ಬಿಡಲಿಲ್ಲ.

ಇಷ್ಟು ಗಾಡಿಯ ವಂಶಾವಳಿ. ಇನ್ನು ದಾರಿಯ ವಿಷಯಕ್ಕೆ ಬರುತ್ತೇನೆ. ಕಾಸರಗೋಡಿನ ಓದುಗರಿಗೆ 1956ರ ನವೆಂಬರ್ 1 ಏನೆಂದು ಹೇಳಬೇಕಾಗಿಲ್ಲ. ನಮ್ಮ ಕಡೆಯ ಕಥೆ ಅದಕ್ಕಿಂತ ಮೂರು ವರ್ಷ ಹಳೆಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಮಡಕಶಿರಾದ ಗಡಿ ಇನ್ನೂ ಹಳೆಯದು. ಅದು ಮದರಾಸು ಪ್ರಾಂತಕ್ಕೂ ಮೈಸೂರು ಸಂಸ್ಥಾನಕ್ಕೂ ನಡುವಿದ್ದ ಗೆರೆ. 1882ರಲ್ಲಿ ಅನಂತಪುರ ಜಿಲ್ಲೆಯನ್ನು ಬಳ್ಳಾರಿಯಿಂದ ಬೇರೆ ಮಾಡಿದಾಗ ಮಡಕಶಿರಾ ಅತ್ತ ಹೋಯಿತು. ಶಾಸನಗಳು ಹೆಂಜೇರು ಎಂದು ಕರೆಯುವ ನೊಳಂಬರ ರಾಜಧಾನಿ ಹೇಮಾವತಿ ಇರುವುದು ಇಲ್ಲಿಯೇ. 1967ರ ಮಹಾಜನ ವರದಿಯಲ್ಲಿ ಕಾಸರಗೋಡಿನ ಮಾತಾದರೂ ಬಂತು. ನಮ್ಮ ಆಂಧ್ರದ ಗಡಿ ಆ ಆಯೋಗದ ವ್ಯಾಪ್ತಿಗೇ ಬರಲಿಲ್ಲ.

ಗೆರೆ ಎಳೆದವರು ಸಂತೆ, ಆಸ್ಪತ್ರೆ, ಬೀಗರ ಮನೆ ಎಲ್ಲಿವೆ ಎಂದು ನೋಡಲಿಲ್ಲ. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿ.ಮೀ.; ಜಿಲ್ಲಾ ಕೇಂದ್ರ ಅನಂತಪುರ ಅದರ ಎರಡರಷ್ಟು ಹತ್ತಿರ ಹತ್ತಿರ. ಮಡಕಶಿರಾದ ಸುತ್ತ ಶಿರಾ, ಮಧುಗಿರಿ, ಪಾವಗಡ, ಗೌರಿಬಿದನೂರು, ಎಲ್ಲವೂ ಕರ್ನಾಟಕ. ಆಂಧ್ರದ ರಸ್ತೆ ಸಾರಿಗೆ ನಿಗಮ 1958ರಲ್ಲಿ, ಮೈಸೂರಿನದು 1961ರಲ್ಲಿ ಆರಂಭವಾದವು. ದೊಡ್ಡ ಊರಿನಿಂದ ದೊಡ್ಡ ಊರಿಗೆ ಬಸ್ಸು ಬಿಟ್ಟವು ನಿಜ. ಆದರೆ ಗೆರೆಯ ಈಚೆಗಿನ ಹಳ್ಳಿಯಿಂದ ಆಚೆಗಿನ ಹಳ್ಳಿಗೆ ಹೋಗುವವರನ್ನು ಯಾರೂ ತಮ್ಮವರೆಂದುಕೊಳ್ಳಲಿಲ್ಲ. ರಾಯದುರ್ಗಕ್ಕಾದರೂ ಬ್ರಿಟಿಷರ ಕಾಲದಿಂದ ಬಳ್ಳಾರಿಯ ರೈಲು ಇತ್ತು. ಮಡಕಶಿರಾಕ್ಕೆ ಅದೂ ಇರಲಿಲ್ಲ. ತುಮಕೂರಿನಿಂದ ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗಗಳನ್ನು ಹಾಯ್ದು ರಾಯದುರ್ಗ ಮುಟ್ಟುವ ಹಳಿಯ ಕೆಲಸ ಹಲವು ವರ್ಷಗಳಿಂದ ನಡೆದೇ ಇದೆ.

ಈ ಖಾಲಿ ಜಾಗದಲ್ಲಿ ಓಡಿದ್ದು ಮೆಟಾಡೋರ್. ಅದಕ್ಕೆ ಹಣ ಬಂದದ್ದು ನನ್ನ ಕಸುಬಿನ ಕಡೆಯಿಂದ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಣ್ಣ ವಾಹನ ಮಾಲೀಕರಿಗೆ ಕೊಡುವ ಸಾಲವೂ ಆದ್ಯತೆಯ ಸಾಲವಾಯಿತು. ಹೊಲ ಅಡ ಇಟ್ಟು ಒಬ್ಬ, ಸಾಲ ಪಡೆದು ಇನ್ನೊಬ್ಬ, ಹೀಗೆ ಊರಿಗೊಂದು ವ್ಯಾನು ಬಂತು. ನನ್ನ ಚಿಕ್ಕಪ್ಪ ಕೆಲವು ವರ್ಷ ಅಂಥ ಒಂದು ಗಾಡಿಯಲ್ಲಿ ಕ್ಲೀನರ್ ಆಗಿದ್ದರು. ನಾನು ಶಾಲೆಗೆ ಹೋಗುತ್ತಿದ್ದ 1980ರ ದಶಕದ ಕೊನೆಯ ದಿನಗಳವು. ಬೆಳಗಿನ ಟ್ರಿಪ್ಪಿನಲ್ಲಿ ಶಿರಾ ಕಡೆಗೆ ಕಡಲೆಕಾಯಿ, ಹುಣಸೆಹಣ್ಣು ಹೋಗುತ್ತಿದ್ದವು. ವಾಪಸು ಬರುವಾಗ ಕನ್ನಡ ಪತ್ರಿಕೆಯ ಬಂಡಲು, ಕನ್ನಡ ಮಾಧ್ಯಮದ ಹುಡುಗರಿಗೆ ಗೈಡು, ಕಾಪಿ ಪುಸ್ತಕ ಬರುತ್ತಿದ್ದವು. ಪಠ್ಯಪುಸ್ತಕ ತಡವಾಗಿ ಬರುವ ಸಂಕಟ ತಮಗೂ ಗೊತ್ತಿರುವುದೇ. ರೇಷ್ಮೆಗೂಡಿನ ಕಾಲದಲ್ಲಿ ರಾತ್ರಿಯೇ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಓಡಬೇಕು. ರಾಯದುರ್ಗದ ಕಡೆ ಬೇರೆ ಸಾಮಾನು. ಬಳ್ಳಾರಿಯ ಜೀನ್ಸ್ ವ್ಯಾಪಾರ ಬೆಳೆದ ಮೇಲೆ ಅಲ್ಲಿಯೂ ಹೊಲಿಗೆಯ ಮಿಷನ್ನುಗಳು ಕೂತವು, ಬಟ್ಟೆಯ ಗಂಟುಗಳು ವ್ಯಾನಿನ ಟಾಪಿನ ಮೇಲೆ ಹತ್ತಿದವು. ಮುಂದೆ ನಾನು ರಾಯದುರ್ಗದ ಶಾಖೆಯಲ್ಲಿ ಕೆಲವು ಕಾಲ ಇದ್ದಾಗ ಇದನ್ನು ಕಣ್ಣಾರೆ ಕಂಡೆ.

ಇದೆಲ್ಲ ಕಾನೂನಿಗೆ ಸರಿಯಾಗಿ ನಡೆಯುತ್ತಿತ್ತೆಂದು ಹೇಳಲಾರೆ. ಒಂದು ಪಂಗಡ ಒಟ್ಟಾಗಿ ಬಾಡಿಗೆಗೆ ಹಿಡಿದ ಗಾಡಿ ಕಾಂಟ್ರ್ಯಾಕ್ಟ್ ಕ್ಯಾರೇಜ್. ದಾರಿಯಲ್ಲಿ ಒಬ್ಬೊಬ್ಬರನ್ನೇ ಹತ್ತಿಸಿ ಇಳಿಸುವಂತಿಲ್ಲ. ಅಂಥ ಸರ್ವೀಸಿಗೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ ಬೇಕು, ಅದು ನಿಗಮಗಳ ಕೋಟೆ. ಕರ್ನಾಟಕವಂತೂ 1976ರಲ್ಲಿ ಖಾಸಗಿ ಕಾಂಟ್ರ್ಯಾಕ್ಟ್ ಕ್ಯಾರೇಜುಗಳನ್ನೇ ಸ್ವಾಧೀನಕ್ಕೆ ತೆಗೆದುಕೊಳ್ಳುವ ಕಾಯ್ದೆ ಮಾಡಿತ್ತು. ಗಡಿ ದಾಟಿದರೆ ಆಚೆಯ ರಾಜ್ಯದ ಪರ್ಮಿಟ್ಟು, ತೆರಿಗೆ ಬೇರೆ. ಹಾಗಾಗಿ ಚೆಕ್ ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರೆ ಎಲ್ಲರದೂ ಒಂದೇ ಮಾತು, "ಮದುವೆಗೆ ಹೊಂಟೀವಿ ಸ್ವಾಮಿ". ನಮ್ಮಜ್ಜಿ ಆಷಾಢದಲ್ಲಿಯೂ ಮದುವೆಗೆ ಹೋಗಿದ್ದಾಳೆ. ಒಮ್ಮೆ ಪೇದೆಯೊಬ್ಬರು "ಮದುವೆ ಹೆಣ್ಣು ಎಲ್ಲಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ ಅಜ್ಜಿ ಕನ್ನಡದಲ್ಲಿ "ಮುಂದಿನ ಗಾಡೀಲಿ ಹೋದ್ಲು ಕಣಪ್ಪ" ಎಂದಳಂತೆ. ಪೇದೆ ನಕ್ಕು ಬಿಟ್ಟುಬಿಟ್ಟರು. ಅವರ ಮನೆಯಲ್ಲಿಯೂ ಕನ್ನಡವೇ ಇದ್ದಿರಬೇಕು.

ಮೆಟಾಡೋರಿನ ಮೇಲೆ ಸಣ್ಣ ಗಾಡಿಯಾಗಿ ಬಂದದ್ದು ಮಾರುತಿ ವ್ಯಾನು. 1984ರಲ್ಲಿ ಬಂದು 1988ರಲ್ಲಿ ಓಮ್ನಿ ಎಂದು ಹೆಸರಾಯಿತು, 796 ಸಿ.ಸಿ. ಎಂಜಿನ್ ಮುಂದಿನ ಸೀಟಿನ ಕೆಳಗೇ. ಬೇಸಿಗೆಯಲ್ಲಿ ಅದರ ಮೇಲೆ ಕೂತವನಿಗೇ ಗೊತ್ತು ಸುಖ. ಸಿನಿಮಾಗಳಲ್ಲಿ, ಮಲಯಾಳದಲ್ಲಿಯೂ ಸಹ, ಜನರನ್ನು ಹೊತ್ತೊಯ್ಯುವ ಕಳ್ಳರ ಗಾಡಿ ಎಂದು ಕೆಟ್ಟ ಹೆಸರು ಪಡೆದರೂ ನಮ್ಮಲ್ಲಿ ಅದು ಹೆರಿಗೆಯ ಗಾಡಿ. ನಡುರಾತ್ರಿ ಆಸ್ಪತ್ರೆಗೆ ಓಡುತ್ತಿದ್ದದ್ದು ಅದೇ. 2019ರಲ್ಲಿ, ಅಪಘಾತ ಪರೀಕ್ಷೆಯ ಹೊಸ ನಿಯಮಗಳ ಮುಂದೆ ನಿಲ್ಲಲಾರದೆ, ಅದರ ತಯಾರಿಕೆ ನಿಂತಿತು. ಅದಕ್ಕೂ ಮೊದಲು, 2013ರ ಕೊನೆಗೆ, ಬ್ರೆಜಿಲಿನಲ್ಲಿ ಫೋಕ್ಸ್‌ವ್ಯಾಗನ್‌ನ ಹಳೆಯ ವ್ಯಾನು ಇಂಥದೇ ಕಾರಣಕ್ಕೆ ನಿಂತಿತ್ತು. ನಿಂತದ್ದು ಸರಿಯೇ. ಡ್ರೈವರನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಒಂದು ತಗಡು ಮಾತ್ರ ಇದ್ದ ಗಾಡಿಗಳವು. ಹಳೆಯದನ್ನು ನೆನೆಯುವವರು ಇದನ್ನು ಮರೆಯಬಾರದು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಫೋಟೋಕ್ಕೆ ಹಾರ ಬಿದ್ದಿದೆ ಎಂದು ನನಗೆ ಗೊತ್ತು.

ಈಗ ನೋಡಿದರೆ ಹಳೆಯ ಮುಖಗಳು ಹೊಸ ಮೈಯಲ್ಲಿ ಮರಳಿ ಬರುತ್ತಿವೆ. ಮೈಸೂರಿನಲ್ಲಿ 1960ರ ದಶಕದಿಂದ ತಯಾರಾಗಿ 1996ಕ್ಕೆ ಮುಚ್ಚಿಹೋದ ಜಾವಾ 2018ರಲ್ಲಿ ಬೇರೆಯವರ ಕೈಯಲ್ಲಿ ಮರುಹುಟ್ಟು ಪಡೆಯಿತು. ಚೇತಕ್ 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಬಂತು. 1991ರ ಟಾಟಾ ಸಿಯೆರಾ 2025ರಲ್ಲಿ ಮರಳಿತು. ಫೋಕ್ಸ್‌ವ್ಯಾಗನ್ ತನ್ನ ಹಳೆಯ ವ್ಯಾನಿನ ಚಹರೆಯಲ್ಲಿಯೇ 'ಐಡಿ ಬಜ್' ಎಂಬ ವಿದ್ಯುತ್ ವ್ಯಾನನ್ನು 2022ರ ಮಾರ್ಚಿಯಲ್ಲಿ ಲೋಕಕ್ಕೆ ತೋರಿಸಿತು. ಎರಡು ಬಣ್ಣ, ಎದೆಯ ಮೇಲೆ ದೊಡ್ಡ ಲಾಂಛನ. ಚಿತ್ರ ನೋಡಿದೆ, ಚೆಂದವಾಗಿದೆ, ಸುಳ್ಳು ಹೇಳಲಾರೆ. ಹಿಂದೆ ತೊಡೆಯ ಮೇಲೆ ಕೂತು ಪ್ರಯಾಣ ಮಾಡಿದ ಮಕ್ಕಳ ಕೈಗೆ ಈಗ ಸಂಬಳ ಬಂದಿದೆ. ಅವರ ನೆನಪು ಮಾರಾಟಕ್ಕೆ ಯೋಗ್ಯ ಎಂದು ಕಂಪೆನಿಗಳಿಗೆ ಗೊತ್ತಾಗಿದೆ. ಪ್ರವಾಸದ ಇಲಾಖೆಗಳಿಗೂ ವ್ಯಾನಿನ ಮೇಲೆ ಕಣ್ಣು ಬಿದ್ದು, 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸದ ನೀತಿಯನ್ನೇ ಪ್ರಕಟಿಸಿತು.

ನನ್ನ ತಕರಾರು ಬೇರೆ. ಬೆಂಗಳೂರಿನ ಕಾಫಿ ಅಂಗಡಿಗಳ ಗೋಡೆಯ ಮೇಲೆ, ಹುಡುಗರ ಅಂಗಿಗಳ ಮೇಲೆ ಇರುವ ವ್ಯಾನು ಕ್ಯಾಲಿಫೋರ್ನಿಯಾದ್ದು. ನಮ್ಮ ರಸ್ತೆಗಳಲ್ಲಿ ಅದು ಓಡಿದ್ದು ಎಷ್ಟು? ಅದರ ದಾಯಾದಿ ಮೆಟಾಡೋರ್ ಊರೂರು ಸವೆಸಿತು, ಅದರ ಚಿತ್ರ ಯಾರ ಅಂಗಿಯ ಮೇಲೂ ಇಲ್ಲ.

ಎರಡು ವರ್ಷದ ಹಿಂದೆ ರೊಳ್ಳದ ಕಡೆಯ ಹುಡುಗನೊಬ್ಬ ನನ್ನ ಕೌಂಟರಿಗೆ ಬಂದ. ಬೆಂಗಳೂರಿನಲ್ಲಿ ಕೆಲಸ. ತೋಟದ ಮೂಲೆಯಲ್ಲಿ ಗಾಲಿಯಿಲ್ಲದೆ ನಿಂತ ಅವರ ದೊಡ್ಡಪ್ಪನ ಮೆಟಾಡೋರನ್ನು ರಿಪೇರಿ ಮಾಡಿಸಿ, ಮದುವೆಯ ಮುಂಚಿನ ಫೋಟೋ ತೆಗೆಸುವವರಿಗೆ ಬಾಡಿಗೆಗೆ ಬಿಡುವ ಯೋಚನೆ. "ಮುಂದ್ಗಡೆ ಫೋಕ್ಸ್‌ವ್ಯಾಗನ್ ಮುಖ ಕೂರಿಸ್ತೀವಿ ಸಾರ್, ಫೈಬರ್‌ದು ಸಿಗ್ತದೆ" ಎಂದ. "ಅದಕ್ಕೇ ಒಂದು ಮುಖ ಇದೆಯಲ್ಲಪ್ಪ" ಎಂದೆ. "ಆ ಮುಖಕ್ಕೆ ಯಾರು ಸಾರ್ ದುಡ್ಡು ಕೊಡ್ತಾರೆ?"

ಸಾಲ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಆರ್.ಸಿ. ಎಂದೋ ಸತ್ತಿತ್ತು. 15 ವರ್ಷ ದಾಟಿದ ಬಾಡಿಗೆ ಗಾಡಿಗಳ ಎಫ್.ಸಿ. ಶುಲ್ಕ 2022ರ ಏಪ್ರಿಲ್‌ನಿಂದ ವಿಪರೀತ ಏರಿದೆ. ಗಾಡಿಯ ಮೂಲರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ. 'ವಿಂಟೇಜ್' ಎಂದು ನೋಂದಾಯಿಸೋಣವೆಂದರೆ 2021ರ ನಿಯಮದ ಪ್ರಕಾರ 50 ವರ್ಷ ತುಂಬಿರಬೇಕು, ರೂಪ ಹಾಗೇ ಇರಬೇಕು, ಬಾಡಿಗೆಗೆ ಓಡಿಸಬಾರದು. ಅವನ ಗಾಡಿಗೆ ಇನ್ನೂ 40ರ ಆಸುಪಾಸು. ರಸ್ತೆಗೆ ಮುದಿ, ಮ್ಯೂಸಿಯಮ್ಮಿಗೆ ಎಳಸು. ಮುಂದಿನ ಬೇಸಿಗೆಯಲ್ಲಿ ಅದು ಗುಜರಿಗೆ ತೂಕದ ಮೇಲೆ ಹೋಯಿತೆಂದು ಕೇಳಿದೆ.

ಗುಜರಿಯವನು ತಗಡು ಕೊಂಡ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ಗಾಡಿಗಳು ಯಾವ ದಾರಿಯಲ್ಲಿ ಓಡಿದವು, ಯಾರನ್ನು ಹೊತ್ತವು ಎಂಬುದಕ್ಕೆ ಯಾವ ನಿಗಮದಲ್ಲಿಯೂ ದಾಖಲೆಯಿಲ್ಲ. ಪರ್ಮಿಟ್ಟೇ ಇಲ್ಲದ ಸರ್ವೀಸಿಗೆ ದಾಖಲೆ ಎಲ್ಲಿಂದ ಬರಬೇಕು? ಗಡಿಯ ಎರಡೂ ಕಡೆಯ ಕನ್ನಡದ ಮನೆಗಳು ಹೆಣ್ಣು ಕೊಟ್ಟು ತಂದು ಒಂದಾಗಿ ಉಳಿದದ್ದರಲ್ಲಿ ಈ ಗಾಡಿಗಳ ಪಾಲಿದೆ. ಅದನ್ನು ಬಲ್ಲ ಡ್ರೈವರುಗಳು ಒಬ್ಬೊಬ್ಬರೇ ಹೋಗುತ್ತಿದ್ದಾರೆ. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ನಮ್ಮ ನಮ್ಮೊಳಗೂ ಒಂದು ಗೆರೆ ಬಂತು. ತಮ್ಮ ಕಡೆ ಗುಡ್ಡದ ದಾರಿಗಳಲ್ಲಿ ಜೀಪುಗಳು ಇಂಥದೇ ಕೆಲಸ ಮಾಡಿವೆಯೆಂದು ಕಾಸರಗೋಡಿನ ಸ್ನೇಹಿತರು ಹೇಳುತ್ತಾರೆ. ಹಳೆಯ ಟ್ರಿಪ್ ಚೀಟಿ, ಗಾಡಿಯ ಮುಂದೆ ನಿಂತು ತೆಗೆಸಿದ ದಿಬ್ಬಣದ ಫೋಟೋ ಇದ್ದರೆ ದಯವಿಟ್ಟು ಎಸೆಯಬೇಡಿ.

ಚಿಕ್ಕಪ್ಪ ಇಟ್ಟಿದ್ದ ಲೆಕ್ಕದ ಪುಸ್ತಕವೊಂದು ನನ್ನ ಬಳಿ ಇದೆ. ಹೆಸರುಗಳು ಕನ್ನಡದಲ್ಲಿ, ಅವರು ರಜೆ ಹಾಕಿದ ದಿನ ಬೇರೆ ಹುಡುಗ ಬರೆದ ಪುಟಗಳು ತೆಲುಗಿನಲ್ಲಿ. ಸೀಟು ಇಷ್ಟು, ಮೂಟೆ ಇಷ್ಟು, ಬಾಕಿ ಇಷ್ಟು. ಒಂದು ಕಡೆ 'ಬಾಣಂತಿ, ದುಡ್ಡು ಬೇಡ' ಎಂದಿದೆ. ಇನ್ನೊಂದು ಕಡೆ 'ಮೇಷ್ಟ್ರು, ಪುಸ್ತಕದ ಕಟ್ಟು 2, ಬಾಡಿಗೆ ಮುಂದಿನ ತಿಂಗಳು' ಎಂದು ಬರೆದು ಕೆಳಗೆ ಗೆರೆ ಎಳೆದಿದೆ. ಆ ಬಾಡಿಗೆ ಬಂದ ಗುರುತು ಮುಂದಿನ ಯಾವ ಪುಟದಲ್ಲಿಯೂ ಈವರೆಗೆ ಸಿಕ್ಕಿಲ್ಲ. ಭಾನುವಾರಗಳಲ್ಲಿ ಕೂತು ಅದನ್ನು ನಕಲು ಮಾಡುತ್ತಿದ್ದೇನೆ, ಅರ್ಧ ಮುಗಿದಿದೆ.